ಬಾಯೇ ಲ್ಯಾಬ್: ಮಾತಿನ ಸದ್ದುಗಳನ್ನು ಗಮನಿಸಲು ಕಲಿಯುವುದು ಹೇಗೆ?

‘ಅಂಕ’ ಅನ್ನಿ. ಜೋರಾಗಿಯೇ ಅನ್ನಿ, ಪಕ್ಕದಲ್ಲಿ ಯಾರಾದರೂ ಇದ್ದರೆ ಇರಲಿ. ಈಗ ‘ಅಂಬು’ ಅನ್ನಿ. ಎರಡರಲ್ಲೂ ಬರೆಯುವುದು ಅದೇ ಒಂದು ಸೊನ್ನೆ. ಆದರೆ ಬಾಯಿ ಮಾಡಿದ್ದು ಬೇರೆ ಬೇರೆ ಕೆಲಸ, ಅಲ್ವಾ? ‘ಅಂಬು’ ಅನ್ನುವಾಗ ಸೊನ್ನೆ ಬರುವಷ್ಟರಲ್ಲಿ ತುಟಿ ಮುಚ್ಚಿ ಆಗಿತ್ತು. ‘ಅಂಕ’ದಲ್ಲಿ ತುಟಿ ಮುಚ್ಚಲೇ ಇಲ್ಲ, ನಾಲಿಗೆಯ ಹಿಂಭಾಗ ಎದ್ದು ಗಂಟಲ ಹತ್ತಿರ ಅಂಗುಳಿಗೆ ಒತ್ತಿಕೊಂಡಿತು. ಹಾಗೇ ‘ಅಂಚು’, ‘ಅಂಟು’, ‘ಅಂದ’ ಹೇಳಿ ನೋಡಿ. ಪ್ರತಿ ಸಲವೂ ನಾಲಿಗೆ ಬೇರೆ ಜಾಗಕ್ಕೆ ಹೋಗುತ್ತದೆ. ಮುಂದೆ ಬರುವ ಅಕ್ಷರ ಎಲ್ಲಿ ಹುಟ್ಟುತ್ತದೋ ಅಲ್ಲಿಗೇ ಸೊನ್ನೆ ಮೊದಲೇ ಹೋಗಿ ಕೂತಿರುತ್ತದೆ. ಬರೆಯುವಾಗ ಒಂದು, ಬಾಯಲ್ಲಿ ಐದು.

ಇದನ್ನು ಇಷ್ಟು ವರ್ಷ ದಿನವಿಡೀ ಮಾಡುತ್ತಿದ್ದರೂ ನಮಗೆ ಗೊತ್ತೇ ಇರುವುದಿಲ್ಲ. ಯಾಕೆಂದರೆ ಓದಲು ಕಲಿತ ದಿನದಿಂದ ನಾವು ಮಾತನ್ನು ಅಕ್ಷರದ ಮೂಲಕವೇ ನೋಡುತ್ತೇವೆ. ಧ್ವನಿಶಾಸ್ತ್ರ ಕಲಿಯಲು ಶುರು ಮಾಡುವವರು ಮೊದಲು ಬಿಡಬೇಕಾದ ಅಭ್ಯಾಸ ಇದೇ. ಅಕ್ಷರ ಏನು ಹೇಳುತ್ತದೆ ಅಂತ ಕೇಳಬೇಡಿ, ಬಾಯಿ ಏನು ಮಾಡಿತು ಅಂತ ಕೇಳಿ. ಪುಸ್ತಕ ಆಮೇಲೆ ಓದಿದರೂ ನಡೆಯುತ್ತದೆ.

ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ಒಂದು ಕೈಗನ್ನಡಿ, ಎರಡು ಬೆರಳಗಲದ ತೆಳು ಕಾಗದದ ಪಟ್ಟಿ, ರೆಕಾರ್ಡ್ ಮಾಡಲು ಫೋನ್. ಕೊನೆಯ ಭಾಗಕ್ಕೆ ಕಂಪ್ಯೂಟರ್ ಇದ್ದರೆ ಒಳ್ಳೆಯದು. ಮತ್ತೆ, ಒಬ್ಬರೇ ಕೂತು ವಿಚಿತ್ರ ಸದ್ದು ಮಾಡಲು ನಾಚಿಕೆ ಬಿಡಬೇಕು. ಮನಸ್ಸಿನಲ್ಲೇ ಹೇಳಿಕೊಂಡರೆ ಆಗುವುದಿಲ್ಲ, ಬಾಯಿ ಅಲ್ಲಾಡಲೇಬೇಕು.

ಮೊದಲು ಗಂಟಲು

ಗಂಟಲಿನ ಮುಂದೆ ಉಬ್ಬಿರುವ ಜಾಗದ ಮೇಲೆ ಎರಡು ಬೆರಳಿಡಿ. ಅದರ ಹಿಂದೆ ಧ್ವನಿಪೆಟ್ಟಿಗೆ ಇದೆ, ಅದರೊಳಗೆ ಧ್ವನಿತಂತುಗಳು. ತಂತು ಅಂದರೆ ವೀಣೆಯ ತಂತಿಯ ಹಾಗೆ ಅಂದುಕೊಳ್ಳಬೇಡಿ, ಅವು ಎರಡು ಮಡಿಕೆಗಳು, ತುಟಿಗಳ ಹಾಗೆ ಕೂಡುತ್ತವೆ, ಬಿಡುತ್ತವೆ. ಈಗ ಉದ್ದಕ್ಕೆ ‘ಸ್ಸ್ಸ್ಸ್’ ಅನ್ನಿ. ಬೆರಳಿಗೆ ಏನೂ ಗೊತ್ತಾಗುವುದಿಲ್ಲ. ಅದೇ ಸದ್ದನ್ನು ದುಂಬಿ ಗುಂಯ್‌ಗುಟ್ಟುವ ಹಾಗೆ, ಇಂಗ್ಲಿಷಿನ ‘ಝೂ’ ಪದದ ಮೊದಲ ಸದ್ದಿನ ಹಾಗೆ ಎಳೆಯಿರಿ. ಬೆರಳು ನಡುಗುತ್ತದೆ. ಬಾಯಿ ಎರಡರಲ್ಲೂ ಒಂದೇ ರೀತಿ ಇದೆ, ಬದಲಾಗಿದ್ದು ಗಂಟಲಿನ ನಡುಕ ಮಾತ್ರ. ಬೆರಳಿಗೆ ಸರಿಯಾಗಿ ಗೊತ್ತಾಗದಿದ್ದರೆ ಎರಡೂ ಕಿವಿ ಮುಚ್ಚಿಕೊಂಡು ಮಾಡಿ. ನಡುಕವಿದ್ದರೆ ತಲೆಯೊಳಗೆ ದೊಡ್ಡ ಝೇಂಕಾರ ಕೇಳುತ್ತದೆ.

ನಡುಕ ಇದ್ದರೆ ಘೋಷ, ಇಲ್ಲದಿದ್ದರೆ ಅಘೋಷ. ಕ-ಗ, ಚ-ಜ, ಟ-ಡ, ತ-ದ, ಪ-ಬ ಎಲ್ಲದರ ವ್ಯತ್ಯಾಸವೂ ಇಷ್ಟೇ. ‘ಕರಿ’ ಮತ್ತು ‘ಗರಿ’ ನಡುವೆ ಇರುವುದು ಗಂಟಲಿನ ಒಂದು ಸಣ್ಣ ನಡುಕ.

ಒಂದು ಎಚ್ಚರಿಕೆ. ‘ಕ’ ಅಂತ ಪೂರ್ತಿ ಹೇಳಿದರೆ ಅದರಲ್ಲಿರುವ ‘ಅ’ ಹೇಗೂ ನಡುಗುತ್ತದೆ, ಸ್ವರಗಳು ಎಲ್ಲಾ ಘೋಷವೇ. ಹಾಗಾಗಿ ಹೊಸಬರು ಕ-ಗ ಎರಡೂ ನಡುಗುತ್ತಿವೆ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ‘ಅಕ್ಕ’, ‘ಅಗ್ಗ’ ಹೇಳಿ, ನಡುವಿನ ಭಾಗದಲ್ಲಿ ಬೆರಳಿಗೆ ಏನಾಗುತ್ತದೆ ಗಮನಿಸಿ. ‘ಅಕ್ಕ’ದಲ್ಲಿ ನಡುಕ ನಿಂತು ಮತ್ತೆ ಶುರುವಾಗುತ್ತದೆ, ‘ಅಗ್ಗ’ದಲ್ಲಿ ಮುಂದುವರಿಯುತ್ತದೆ. ಹಾಗೇ ‘ಅಹಾ’ ಕೂಡ ಹೇಳಿ ನೋಡಿ. ‘ಹ’ ಬರೀ ಉಸಿರು, ಅದು ಅಘೋಷ ಅಂದುಕೊಂಡಿರುತ್ತೇವೆ. ಆದರೆ ಎರಡು ಸ್ವರಗಳ ನಡುವೆ ಸಿಕ್ಕಿಕೊಂಡ ಕನ್ನಡದ ‘ಹ’ದಲ್ಲಿ ನಡುಕ ಸಾಮಾನ್ಯವಾಗಿ ನಿಲ್ಲುವುದೇ ಇಲ್ಲ. ಉಸಿರೂ ಸೋರುತ್ತಿರುತ್ತದೆ, ಮಡಿಕೆಗಳೂ ನಡುಗುತ್ತಿರುತ್ತವೆ.

ವರ್ಣಮಾಲೆ ಒಂದು ನಕ್ಷೆ

ಚಿಕ್ಕಂದಿನಲ್ಲಿ ಉರು ಹೊಡೆದ ಕ-ಚ-ಟ-ತ-ಪ ಸಾಲುಗಳನ್ನು ಈಗ ಕನ್ನಡಿ ಹಿಡಿದು ನಿಧಾನವಾಗಿ ಹೇಳಿ. ಕ ಗಂಟಲ ಹತ್ತಿರ, ಚ ಅಂಗುಳಿನ ನಡುವೆ, ಟಕ್ಕೆ ನಾಲಿಗೆಯ ತುದಿ ಮೇಲಕ್ಕೆ ಮಡಚಿಕೊಳ್ಳುತ್ತದೆ, ತಕ್ಕೆ ಹಲ್ಲಿನ ಹಿಂಭಾಗ ಮುಟ್ಟುತ್ತದೆ, ಪಕ್ಕೆ ತುಟಿ. ಅಂದರೆ ಬಾಯಿಯ ಒಳಗಿಂದ ಹೊರಗೆ ಬರುವ ದಾರಿ. ಅಡ್ಡಕ್ಕೆ ನೋಡಿದರೆ ಮೊದಲು ಅಘೋಷ, ಅದರ ಮಹಾಪ್ರಾಣ, ಆಮೇಲೆ ಘೋಷ, ಅದರ ಮಹಾಪ್ರಾಣ, ಕೊನೆಗೆ ಮೂಗಿನದು. ಇದು ಬಾಯಿಪಾಠಕ್ಕೆ ಅನುಕೂಲ ಅಂತ ಮಾಡಿದ ಪಟ್ಟಿ ಅಲ್ಲ, ಉಚ್ಚಾರಣೆಯ ನಕ್ಷೆ. ಎರಡು ಸಾವಿರ ವರ್ಷಕ್ಕೂ ಹಿಂದೆ ವೇದಪಾಠದ ಉಚ್ಚಾರಣೆ ಕೆಡಬಾರದು ಅಂತ ತಲೆಕೆಡಿಸಿಕೊಂಡವರು ಯಾವ ಉಪಕರಣವೂ ಇಲ್ಲದೆ ಬರೀ ಗಮನದಿಂದ ಈ ಲೆಕ್ಕ ಹಾಕಿದ್ದರು. ಇಂಗ್ಲಿಷಿನ ಎ-ಬಿ-ಸಿ-ಡಿ ಕ್ರಮದಲ್ಲಿ ಇಂಥ ಯಾವ ತರ್ಕವೂ ಇಲ್ಲ. ಕನ್ನಡ ಓದಲು ಬರುವವರಿಗೆ ಧ್ವನಿಶಾಸ್ತ್ರದ ಮೊದಲ ಪಾಠ ಅರ್ಧ ಮುಗಿದೇ ಇರುತ್ತದೆ, ಹೇಳಿಕೊಟ್ಟಿರುವುದಿಲ್ಲ ಅಷ್ಟೇ.

ಜಾಗ ಸರಿಯಾಗಿ ಪತ್ತೆ ಮಾಡಲು ಒಂದು ಉಪಾಯ ಹೇಳುತ್ತೇನೆ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ‘ಸ’ ಹೇಳಲು ಬಾಯಿ ಸಿದ್ಧ ಮಾಡಿಕೊಂಡು ಹಾಗೇ ನಿಲ್ಲಿಸಿ. ಉಸಿರು ಬಿಡುವ ಬದಲು ಜೋರಾಗಿ ಒಳಕ್ಕೆ ಎಳೆದುಕೊಳ್ಳಿ. ಗಾಳಿ ಎಲ್ಲಿ ಇಕ್ಕಟ್ಟಿನಲ್ಲಿ ನುಗ್ಗುತ್ತದೋ ಅಲ್ಲಿ ತಣ್ಣಗಾಗುತ್ತದೆ. ‘ಸ’ಕ್ಕೆ ಮೇಲಿನ ಹಲ್ಲಿನ ಹಿಂದೆ, ಒಸಡಿನ ಹತ್ತಿರ ತಂಪು. ‘ಶ’ಕ್ಕೆ ಅದಕ್ಕಿಂತ ಹಿಂದೆ. ಈಗ ‘ಲ’ ಹಿಡಿದು ಎಳೆಯಿರಿ. ನಾಲಿಗೆಯ ತುದಿ ಬೆಚ್ಚಗೇ ಇರುತ್ತದೆ, ತಂಪಾಗುವುದು ಪಕ್ಕಗಳು. ಯಾಕೆಂದರೆ ‘ಲ’ದಲ್ಲಿ ನಡುವೆ ದಾರಿ ಮುಚ್ಚಿರುತ್ತದೆ, ಗಾಳಿ ನಾಲಿಗೆಯ ಅಕ್ಕಪಕ್ಕದಿಂದ ಹೋಗುತ್ತದೆ. ‘ಳ’ ಕೂಡ ಹಾಗೆಯೇ, ತುದಿ ಮಾತ್ರ ಹಿಂದಕ್ಕೆ ಮಡಚಿರುತ್ತದೆ. ಹಲ್ಲಿ-ಹಳ್ಳಿ, ಬಲೆ-ಬಳೆ, ಕಲ್ಲು-ಕಳ್ಳು ಎಲ್ಲದರಲ್ಲೂ ವ್ಯತ್ಯಾಸ ಅಂದರೆ ನಾಲಿಗೆಯ ತುದಿ ಹಿಂದಕ್ಕೆ ಹೋದ ಅಷ್ಟು ದೂರ. ಇಂಥ ಜೋಡಿಗಳನ್ನು ಹುಡುಕುವುದೇ ಒಂದು ದೊಡ್ಡ ಸಾಧನ. ಒಂದೇ ಒಂದು ಸದ್ದು ಬದಲಾಗಿ ಅರ್ಥವೇ ಬದಲಾದರೆ, ಆ ಎರಡು ಸದ್ದುಗಳು ಆ ಭಾಷೆಯಲ್ಲಿ ಬೇರೆ ಬೇರೆ ಧ್ವನಿಮಾಗಳು. ನಮ್ಮ ಐದು ಸೊನ್ನೆಗಳು ಹಾಗಲ್ಲ. ‘ಕ’ಕ್ಕಿಂತ ಮೊದಲು ಬರುವ ಸೊನ್ನೆಯನ್ನು ಬೇರೆ ಥರ ಹೇಳಿದರೆ ಕೇಳಲು ವಿಚಿತ್ರ, ಆದರೆ ಬೇರೆ ಪದ ಆಗುವುದಿಲ್ಲ.

ಎಳೆಯಲು ಬರುತ್ತದಾ?

ಜಾಗ ಗೊತ್ತಾಯಿತು. ಆ ಜಾಗದಲ್ಲಿ ನಾಲಿಗೆ ಅಥವಾ ತುಟಿ ಏನು ಮಾಡುತ್ತದೆ ಅನ್ನುವುದು ಮುಂದಿನ ಪ್ರಶ್ನೆ. ಪರೀಕ್ಷೆ ಸುಲಭ. ಸದ್ದನ್ನು ಉದ್ದಕ್ಕೆ ಎಳೆಯಿರಿ. ‘ಸ್ಸ್ಸ್’, ‘ಮ್ಮ್ಮ್’, ‘ಲ್ಲ್ಲ್’ ಉಸಿರಿರುವ ತನಕ ಎಳೆಯಬಹುದು. ‘ಕ್’, ‘ತ್’, ‘ಪ್’ ಎಳೆಯಲು ಆಗುವುದಿಲ್ಲ, ಯಾಕೆಂದರೆ ಅಲ್ಲಿ ದಾರಿ ಪೂರ್ತಿ ಬಂದ್. ಗಾಳಿ ಹಿಂದೆ ಒತ್ತಿಕೊಂಡು ನಿಂತು ಆಮೇಲೆ ಪಟ್ಟನೆ ಬಿಡುಗಡೆ ಆಗುತ್ತದೆ. ‘ಚ’ ಎಳೆದು ನೋಡಿ, ಸ್ವಲ್ಪ ತಮಾಷೆ ಇದೆ. ಎಳೆದದ್ದೆಲ್ಲ ‘ಶ್ಶ್ಶ್’ ಆಗುತ್ತದೆ. ‘ಚ’ ಅಂದರೆ ಮೊದಲು ಮುಚ್ಚಿ, ಆಮೇಲೆ ಒಂದೇ ಸಲ ಬಿಡದೆ ಸಣ್ಣ ಸಂದಿಯಿಂದ ಉಜ್ಜಿಕೊಂಡು ಬಿಡುವುದು.

ಹಾಗಾದರೆ ‘ಕತ್ತೆ’ಯ ‘ತ್ತ’ ಏನು? ಅಲ್ಲಿ ಎಳೆಯುತ್ತೇವಲ್ಲ? ಹೌದು, ಎಳೆಯುವುದು ನಿಶ್ಶಬ್ದವನ್ನು. ‘ಕತೆ’ ಮತ್ತು ‘ಕತ್ತೆ’ ನಡುವಿನ ಮುಖ್ಯ ವ್ಯತ್ಯಾಸ, ನಾಲಿಗೆ ಹಲ್ಲಿಗೆ ಒತ್ತಿಕೊಂಡು ಎಷ್ಟು ಹೊತ್ತು ಸುಮ್ನೆ ಕೂತಿತ್ತು ಅನ್ನುವುದು. ಕೊನೆಯಲ್ಲಿ ಕಂಪ್ಯೂಟರಿನಲ್ಲಿ ಇದನ್ನು ಅಳೆಯಬಹುದು.

ಈಗ ಮೂಗು. ‘ಮ್ಮ್ಮ್’ ಅನ್ನುತ್ತಾ ಮೂಗು ಹಿಡಿದುಕೊಳ್ಳಿ. ಸದ್ದು ಅಲ್ಲೇ ನಿಂತುಹೋಗುತ್ತದೆ. ಬಾಯಿ ಮುಚ್ಚಿತ್ತು, ಇದ್ದ ಒಂದೇ ಬಾಗಿಲೂ ಹೋಯಿತು. ಮೂಗು ಹಿಡಿದುಕೊಂಡೇ ‘ಅಮ್ಮ’ ಅನ್ನಿ, ಹೆಚ್ಚುಕಮ್ಮಿ ‘ಅಬ್ಬ’ ಆಗುತ್ತದೆ. ‘ಮ’ ಮತ್ತು ‘ಬ’ ತುಟಿಯಲ್ಲೂ ಒಂದೇ, ಗಂಟಲಲ್ಲೂ ಒಂದೇ. ಅಂಗುಳಿನ ಹಿಂದಿನ ಮೆತ್ತಗಿನ ಭಾಗ, ಕಿರುನಾಲಿಗೆ ನೇತಾಡುವ ಜಾಗ ಇದೆಯಲ್ಲ, ಅದು ಮೇಲೆದ್ದು ಮೂಗಿನ ದಾರಿ ಮುಚ್ಚಿದರೆ ‘ಬ’, ಕೆಳಗಿಳಿದು ದಾರಿ ಬಿಟ್ಟರೆ ‘ಮ’. ಶೀತ ಆದಾಗ ‘ಮೂಗಿನಲ್ಲಿ ಮಾತಾಡುತ್ತಿದ್ದೀಯಾ’ ಅಂತ ಕೇಳುತ್ತಾರೆ, ನಿಜ ನೋಡಿದರೆ ಆಗ ಮೂಗು ಕೆಲಸವನ್ನೇ ಮಾಡುತ್ತಿರುವುದಿಲ್ಲ.

ಇನ್ನೊಂದು ಬಗೆಯ ಸದ್ದು ಇದೆ, ನಾವು ಅದನ್ನು ಮಾತು ಅಂತ ಲೆಕ್ಕಕ್ಕೇ ಇಟ್ಟಿಲ್ಲ. ಯಾರದೋ ಕಷ್ಟ ಕೇಳಿ ಲೊಚಗುಟ್ಟುತ್ತೇವಲ್ಲ, ಅದು. ಅದಕ್ಕೆ ಶ್ವಾಸಕೋಶದ ಗಾಳಿಯೇ ಬೇಡ. ನಂಬಿಕೆ ಬರದಿದ್ದರೆ ‘ಮ್ಮ್ಮ್’ ಅಂತ ಗುನುಗುತ್ತಾ ಲೊಚಗುಟ್ಟಿ ನೋಡಿ, ಎರಡೂ ಒಟ್ಟಿಗೆ ನಡೆಯುತ್ತವೆ. ದಕ್ಷಿಣ ಆಫ್ರಿಕಾದ ಜುಲು, ಕೋಸಾ ಭಾಷೆಗಳಲ್ಲಿ ಇಂಥ ಸದ್ದುಗಳು ನಮ್ಮ ಕ-ತ-ಪ ಹಾಗೆ ಪದದೊಳಗೇ ಬರುತ್ತವೆ.

ಕಾಗದದ ಪಟ್ಟಿ

ಪಟ್ಟಿಯನ್ನು ತುಟಿಯ ಮುಂದೆ, ಎರಡು ಬೆರಳು ದೂರದಲ್ಲಿ ತೂಗುಬಿಡಿ. ‘ಕರ’ ಅನ್ನಿ, ಆಮೇಲೆ ‘ಖರ’. ಎರಡನೆಯದಕ್ಕೆ ಕಾಗದ ಚೆನ್ನಾಗಿ ಹಾರಬೇಕು. ಹಾರಲಿಲ್ಲವೇ? ಪರವಾಗಿಲ್ಲ, ನೀವು ಒಬ್ಬರೇ ಅಲ್ಲ. ಆಡುಮಾತಿನ ಕನ್ನಡದಲ್ಲಿ ‘ಖುಷಿ’ ಬಹಳ ಸಲ ‘ಕುಶಿ’ಯೇ, ‘ಭೂಮಿ’ ‘ಬೂಮಿ’ಯೇ. ಬರೆಯುವಾಗ ಮಹಾಪ್ರಾಣ ಹಾಕುತ್ತೇವೆ, ಹೇಳುವಾಗ ಆ ಉಸಿರನ್ನು ಉಳಿಸಿಕೊಳ್ಳುತ್ತೇವೆ. ಧ್ವನಿಶಾಸ್ತ್ರಕ್ಕೆ ಇದು ತಪ್ಪೂ ಅಲ್ಲ, ಸರಿಯೂ ಅಲ್ಲ. ಏನಾಗುತ್ತಿದೆ ಅಂತ ಬರೆದುಕೊಳ್ಳುವುದಷ್ಟೇ ಅದರ ಕೆಲಸ.

‘ಫ’ವನ್ನು ಈ ಪರೀಕ್ಷೆಗೆ ಬಳಸಬೇಡಿ. ಕನ್ನಡಿಯಲ್ಲಿ ‘ಫಲ’ ಹೇಳಿ ನೋಡಿ. ಕೆಳತುಟಿ ಮೇಲಿನ ಹಲ್ಲಿಗೆ ತಾಗಿತಾ? ತಾಗಿದರೆ ನೀವು ಹೇಳಿದ್ದು ‘ಫೋನ್’ ಪದದ ಸದ್ದು, ‘ಪ’ದ ಮಹಾಪ್ರಾಣ ಅಲ್ಲವೇ ಅಲ್ಲ. ‘ಪ’ದ ಮಹಾಪ್ರಾಣಕ್ಕೆ ಎರಡೂ ತುಟಿ ಪೂರ್ತಿ ಮುಚ್ಚಿ ಬಿಡಬೇಕು.

ಇಂಗ್ಲಿಷ್ ಮನೆಮಾತಾಗಿರುವ ಬಹಳ ಜನ ‘ಪಿನ್’ ಅಂದರೆ ಈ ಕಾಗದ ಹಾರುತ್ತದೆ, ‘ಸ್ಪಿನ್’ ಅಂದರೆ ಹಾರುವುದಿಲ್ಲ. ಎರಡು ಬೇರೆ ಸದ್ದು ಅಂತ ಅವರಿಗೆ ಗೊತ್ತೇ ಇರುವುದಿಲ್ಲ, ನಮ್ಮ ಸೊನ್ನೆಯ ಕಥೆಯ ಹಾಗೆ. ಅವರ ‘ಸ್ಪಿನ್’ ರೆಕಾರ್ಡ್ ಮಾಡಿ, ಮೊದಲಿನ ‘ಸ್’ ಕತ್ತರಿಸಿ ಅವರಿಗೇ ಕೇಳಿಸಿದರೆ ಸಾಮಾನ್ಯವಾಗಿ ‘ಬಿನ್’ ಅನ್ನುತ್ತಾರೆ. ಕನ್ನಡದ ಕಿವಿಗೆ ಅದು ಅಚ್ಚುಕಟ್ಟಾದ ‘ಪಿನ್’. ಗಾಳಿಯಲ್ಲಿರುವ ಸದ್ದು ಒಂದೇ, ಕೇಳಿಸುವುದು ಎರಡು.

ತುಟಿ ಬಿಟ್ಟ ಕ್ಷಣಕ್ಕೂ ಗಂಟಲಿನ ನಡುಕ ಶುರುವಾಗುವ ಕ್ಷಣಕ್ಕೂ ಇರುವ ಅಂತರವೇ ಈ ಆಟದ ಗುಟ್ಟು. ಲೀ ಲಿಸ್ಕರ್ ಮತ್ತು ಆರ್ಥರ್ ಏಬ್ರಮ್‌ಸನ್ 1964ರಲ್ಲಿ ತಮಿಳು, ಹಿಂದಿ, ಮರಾಠಿಯೂ ಸೇರಿ 11 ಭಾಷೆಗಳಲ್ಲಿ ಇದನ್ನು ಅಳೆದರು. ‘ಬ’ದಲ್ಲಿ ನಡುಕ ತುಟಿ ಬಿಡುವ ಮೊದಲೇ ಶುರುವಾಗಿರುತ್ತದೆ. ‘ಪ’ದಲ್ಲಿ ಬಿಟ್ಟ ತಕ್ಷಣ, ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ಒಳಗೆ. ಮಹಾಪ್ರಾಣದಲ್ಲಿ 60ರಿಂದ 100 ಮಿಲಿಸೆಕೆಂಡ್ ತಡ. ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು, ಅಷ್ಟರಲ್ಲಿ ಕಿವಿ ಪದ ಯಾವುದು ಅಂತ ತೀರ್ಮಾನ ಮಾಡಿರುತ್ತದೆ.

ಸ್ವರಗಳು

ಇಲ್ಲಿ ಸ್ವಲ್ಪ ಕಷ್ಟ. ನಾಲಿಗೆ ಎಲ್ಲೂ ಮುಟ್ಟುವುದಿಲ್ಲ, ಹಿಡಿಯಲು ಏನೂ ಸಿಗುವುದಿಲ್ಲ. ಗಲ್ಲದ ಕೆಳಗೆ ಕೈಯಿಟ್ಟು ‘ಈ - ಏ - ಆ’ ಅಂತ ಒಂದೇ ಉಸಿರಿನಲ್ಲಿ ಜಾರಿಸಿ. ದವಡೆ ಮೆಟ್ಟಿಲಿಳಿದ ಹಾಗೆ ಇಳಿಯುತ್ತದೆ, ಜೊತೆಗೆ ನಾಲಿಗೆಯೂ. ‘ಊ - ಓ - ಆ’ ಮಾಡಿದರೂ ಇಳಿತ ಅದೇ, ಆದರೆ ಈ ಸಲ ನಾಲಿಗೆ ಬಾಯಿಯ ಹಿಂಭಾಗದಲ್ಲಿದೆ, ತುಟಿ ಗುಂಡಗಿದೆ. ‘ಈ’ಯಿಂದ ‘ಊ’ಗೆ ಜಾರಿದರೆ ನಾಲಿಗೆ ಹಿಂದಕ್ಕೆ ಸರಿಯುತ್ತದೆ. ಎತ್ತರ, ಹಿಂದು-ಮುಂದು, ತುಟಿಯ ಆಕಾರ, ಈ ಮೂರರಲ್ಲಿ ಸ್ವರದ ಲೆಕ್ಕ ಬಹುಮಟ್ಟಿಗೆ ಮುಗಿಯುತ್ತದೆ. ನಾವು ಮೇಲೆ ಉದ್ದವನ್ನೂ ಸೇರಿಸುತ್ತೇವೆ, ಬಲ-ಬಾಲ, ಕೊಡು-ಕೋಡು.

ಈಗ ಪಿಸುಮಾತಿನಲ್ಲಿ, ಗಂಟಲು ನಡುಗಿಸದೆ, ‘ಊ - ಓ - ಆ - ಏ - ಈ’ ಅನ್ನಿ. ರಾಗ ಮೇಲಕ್ಕೇರಿದ ಹಾಗೆ ಕೇಳಿಸುತ್ತದೆ. ನಡುಕವೇ ಇಲ್ಲದ ಮೇಲೆ ಈ ಶ್ರುತಿ ಎಲ್ಲಿಂದ ಬಂತು? ಬಾಯಿಯ ಪೊಳ್ಳಿನಿಂದ. ಬಾಟಲಿಯಲ್ಲಿ ನೀರು ತುಂಬುತ್ತಾ ಹೋದರೆ ಸದ್ದು ಮೇಲೇರುತ್ತದಲ್ಲ, ಹೆಚ್ಚುಕಮ್ಮಿ ಹಾಗೆ. ನಾಲಿಗೆ ಮುಂದೆ ಬಂದಷ್ಟೂ ಅದರ ಮುಂದಿನ ಪೊಳ್ಳು ಚಿಕ್ಕದಾಗುತ್ತದೆ, ಶ್ರುತಿ ಏರುತ್ತದೆ. ಬಾಯಿಗೆ ಇಂಥ ಹಲವು ಅನುರಣನಗಳಿವೆ, ಅವಕ್ಕೆ ಫಾರ್ಮಂಟ್ ಅನ್ನುತ್ತಾರೆ. ಪಿಸುಮಾತಿನಲ್ಲಿ ನಿಮಗೆ ಕೇಳಿಸಿದ ಏರಿಕೆ ಮುಖ್ಯವಾಗಿ ಎರಡನೆಯ ಫಾರ್ಮಂಟಿನದು.

ಇನ್ನೊಂದು. ‘ಎಲ್ಲಿ’ ಅಂತ ಸಹಜವಾಗಿ, ಯಾರನ್ನೋ ಕೇಳುವ ಹಾಗೆ ಹೇಳಿ. ಶುರುವಿನಲ್ಲಿ ಸಣ್ಣ ‘ಯ’ ನುಸುಳಿ ‘ಯೆಲ್ಲಿ’ ಆಗಲಿಲ್ಲವೇ? ‘ಒಂದು’ ಕೂಡ ‘ವೊಂದು’. ಬರಹದಲ್ಲಿ ಇಲ್ಲದ್ದು ಬಾಯಲ್ಲಿದೆ.

ಕಿವಿಯನ್ನು ಪೂರ್ತಿ ನಂಬಬೇಡಿ

1984ರಲ್ಲಿ ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಒಂದು ಅಧ್ಯಯನ ಪ್ರಕಟಿಸಿದರು. ಇಂಗ್ಲಿಷ್ ಮಾತಾಡುವ ಮನೆಗಳ 6ರಿಂದ 8 ತಿಂಗಳ ಕೂಸುಗಳಲ್ಲಿ ಹೆಚ್ಚಿನವು ಹಿಂದಿಯ ತ-ಟ ವ್ಯತ್ಯಾಸವನ್ನು ಗುರುತಿಸುತ್ತಿದ್ದವು. 10ರಿಂದ 12 ತಿಂಗಳಾಗುವಷ್ಟರಲ್ಲಿ ಆ ಸಾಮರ್ಥ್ಯ ಬಹುಪಾಲು ಹೋಗಿತ್ತು. ಮನೆಯ ಭಾಷೆಗೆ ಬೇಡದ ಭೇದವನ್ನು ಕಿವಿ ಬದಿಗಿಡುತ್ತದೆ. ನಮಗೆ ತ-ಟ ಕಣ್ಣುಮುಚ್ಚಿ ಗೊತ್ತಾಗುತ್ತದೆ ಅಂತ ಬೀಗಬೇಕಾಗಿಲ್ಲ. ಇಂಗ್ಲಿಷಿನವರು ಹಲ್ಲಿಗೆ ತುಟಿ ತಾಗಿಸಿ ಹೇಳುವ ‘ವಿ’ ಮತ್ತು ತುಟಿ ಗುಂಡಗೆ ಮಾಡಿ ಹೇಳುವ ‘ಡಬ್ಲ್ಯೂ’ ಎರಡೂ ನಮಗೆ ಒಂದೇ ‘ವ’.

ಕಣ್ಣೂ ಕಿವಿಗೆ ಮೋಸ ಮಾಡುತ್ತದೆ. ತುಟಿ ‘ಗ’ ಹೇಳುವ ವಿಡಿಯೊಗೆ ‘ಬ’ ಸದ್ದು ಜೋಡಿಸಿದರೆ ಬಹಳ ಜನರಿಗೆ ಕೇಳಿಸುವುದು ‘ದ’. ಹ್ಯಾರಿ ಮೆಕ್‌ಗರ್ಕ್ ಮತ್ತು ಜಾನ್ ಮ್ಯಾಕ್‌ಡೊನಾಲ್ಡ್ 1976ರಲ್ಲಿ ಇದನ್ನು ತೋರಿಸಿದರು. ವಿಡಿಯೊಗಳು ಸುಲಭವಾಗಿ ಸಿಗುತ್ತವೆ, ಒಮ್ಮೆ ಕಣ್ಣು ಬಿಟ್ಟು, ಒಮ್ಮೆ ಮುಚ್ಚಿ ಕೇಳಿ.

ಹಾಗಾಗಿ ‘ನನಗೆ ವ್ಯತ್ಯಾಸ ಗೊತ್ತಾಗುತ್ತದೆ’ ಅನ್ನುವ ಮೊದಲು ಪರೀಕ್ಷೆ ಮಾಡಿ. ನಾನು ಶ ಮತ್ತು ಷ ಬೇರೆ ಬೇರೆಯಾಗಿ ಹೇಳುತ್ತೇನೆ ಅಂತ ವರ್ಷಗಟ್ಟಲೆ ಜಂಬ ಪಡುತ್ತಿದ್ದೆ. ಒಮ್ಮೆ ‘ಅಶ’, ‘ಅಷ’ ಅಂತ 20 ಚೀಟಿ ಬರೆದು, ಕಲಸಿ, ಒಂದೊಂದೇ ತೆಗೆದು ಓದಿದೆ. ಗೆಳೆಯ ಬೆನ್ನು ತಿರುಗಿಸಿ ಕೂತು ಯಾವುದು ಅಂತ ಬರೆದುಕೊಂಡ. ಸರಿಯಾಗಿದ್ದು 11. ನಾಣ್ಯ ಚಿಮ್ಮಿದರೂ 10 ಬರುತ್ತಿತ್ತು! ಸುಮ್ನೆ ಊಹೆಯಿಂದ 15 ಅಥವಾ ಅದಕ್ಕಿಂತ ಜಾಸ್ತಿ ಸರಿ ಬರುವ ಸಾಧ್ಯತೆ ನೂರಕ್ಕೆ ಸುಮಾರು 2. ಅದಕ್ಕೇ 15 ದಾಟಿದರೆ ವ್ಯತ್ಯಾಸ ನಿಜವಾಗಿಯೂ ಇದೆ ಅಂತ ಇಟ್ಟುಕೊಳ್ಳಬಹುದು. ಅದೇ ಪರೀಕ್ಷೆ ಲ-ಳಕ್ಕೆ ಮಾಡಿದಾಗ 20ಕ್ಕೆ 20 ಬಂತು.

ಫೋನ್ ಕರೆಯಲ್ಲಿ ಈ ಪರೀಕ್ಷೆ ಮಾಡಬೇಡಿ. ಹಳೆಯ ಟೆಲಿಫೋನ್ ವ್ಯವಸ್ಥೆ ಸಾಗಿಸುವುದು ಸುಮಾರು 300ರಿಂದ 3400 ಹರ್ಟ್ಸ್ (ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಸಲ ನಡುಗುತ್ತದೆ ಅನ್ನುವ ಲೆಕ್ಕ) ತನಕದ ಸದ್ದನ್ನು ಮಾತ್ರ. ‘ಸ’ದ ಬಲವೆಲ್ಲ ಹೆಚ್ಚಾಗಿ 4000ದ ಮೇಲಿರುತ್ತದೆ. ಹೆಸರಿನ ಸ್ಪೆಲಿಂಗ್ ಹೇಳುವಾಗ ‘ಎಸ್’ ಅಂದರೆ ಆ ಕಡೆಯವರು ‘ಎಫ್’ ಬರೆದುಕೊಳ್ಳುವುದು ಇದಕ್ಕೇ.

ಕಣ್ಣಿಗೆ ಕಾಣುವಂತೆ ಮಾಡುವುದು

ಪ್ರಾಟ್ ಅನ್ನುವ ತಂತ್ರಾಂಶ ಇಳಿಸಿಕೊಳ್ಳಿ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪೌಲ್ ಬೂರ್ಸ್ಮಾ ಮತ್ತು ಡೇವಿಡ್ ವೇನಿಂಕ್ ಬರೆದದ್ದು, ಪೂರ್ತಿ ಉಚಿತ. ಡಚ್ ಭಾಷೆಯಲ್ಲಿ ಆ ಪದಕ್ಕೆ ಮಾತು ಅಂತ ಅರ್ಥ. ನೋಡಲು ಹಳೆಯ ಕಾಲದ ಸಾಫ್ಟ್‌ವೇರ್ ಥರ ಇದೆ, ಹೆದರಬೇಡಿ.

ರೆಕಾರ್ಡ್ ಮಾಡುವಾಗ ಮೈಕ್ ಬಾಯಿಯಿಂದ ಒಂದು ಗೇಣು ದೂರ, ನೇರ ಎದುರಿಗಲ್ಲದೆ ಸ್ವಲ್ಪ ಪಕ್ಕಕ್ಕೆ ಇರಲಿ, ಇಲ್ಲದಿದ್ದರೆ ‘ಪ’ದ ಗಾಳಿ ಧಡ್ ಅಂತ ಬಡಿಯುತ್ತದೆ. ಸೆಟ್ಟಿಂಗಿನಲ್ಲಿ ಮೋನೊ (ಒಂದೇ ಚಾನೆಲ್), ಸ್ಯಾಂಪ್ಲಿಂಗ್ ರೇಟ್ 44100 ಹರ್ಟ್ಸ್, ವೇವ್ (WAV) ಫೈಲ್ ಅಂತ ಇರಲಿ. ವಾಯ್ಸ್ ನೋಟ್ ಬೇಡ, ಅದು ಸದ್ದನ್ನು ಹಿಂಡಿ ಚಿಕ್ಕದು ಮಾಡಿರುತ್ತದೆ. ಕೋಣೆಯಲ್ಲಿ ಫ್ಯಾನ್, ಫ್ರಿಜ್ ಇರಬಾರದು. ನಾನು ಮೊದಲ ಸಲ ಫ್ರಿಜ್ ಪಕ್ಕದಲ್ಲೇ ಕೂತು ರೆಕಾರ್ಡ್ ಮಾಡಿ, ಚಿತ್ರದ ತಳದಲ್ಲಿ ಉದ್ದಕ್ಕೂ ಬಂದ ಕಪ್ಪು ಗೆರೆ ನೋಡಿ ನನ್ನ ‘ಕ’ ಕೂಡ ಘೋಷ ಅಂತ ಇಡೀ ಸಂಜೆ ತಲೆ ಕೆಡಿಸಿಕೊಂಡಿದ್ದೆ. ಅದು ಫ್ರಿಜ್ಜಿನ ಘೋಷ.

‘ಕತೆ, ಕತ್ತೆ’ ಎರಡನ್ನೂ ಒಂದೇ ವೇಗದಲ್ಲಿ ಐದೈದು ಸಲ ಹೇಳಿ ತೆರೆಯಿರಿ. ಮೇಲೆ ಅಲೆಯ ಚಿತ್ರ, ಕೆಳಗೆ ಬೂದುಬಣ್ಣದ ಸ್ಪೆಕ್ಟ್ರೋಗ್ರಾಮ್, ಅಂದರೆ ಯಾವ ಹೊತ್ತಿನಲ್ಲಿ ಎಷ್ಟು ಹರ್ಟ್ಸ್‌ನ ಸದ್ದಿಗೆ ಎಷ್ಟು ಬಲ ಇದೆ ಅಂತ ತೋರಿಸುವ ಚಿತ್ರ. ಸ್ವರ ಇರುವಲ್ಲಿ ಅಲೆ ಒಂದೇ ಅಚ್ಚಿನಲ್ಲಿ ಮತ್ತೆ ಮತ್ತೆ ಬರುತ್ತದೆ, ‘ತ’ ಇರುವಲ್ಲಿ ಗೆರೆ ಚಪ್ಪಟೆ. ಆ ಚಪ್ಪಟೆ ಭಾಗವನ್ನು ಮೌಸಿನಿಂದ ಆರಿಸಿದರೆ ಎಷ್ಟು ಸೆಕೆಂಡ್ ಅಂತ ಅದೇ ತೋರಿಸುತ್ತದೆ. ‘ಕತ್ತೆ’ಯದು ಎಷ್ಟು ಪಟ್ಟು ಉದ್ದ ಅಂತ ಐದರ ಸರಾಸರಿ ತೆಗೆದು ನೋಡಿ. ಒಂದೇ ಸಲ ಅಳೆದು ತೀರ್ಮಾನ ಮಾಡಬೇಡಿ, ಎರಡು ಸಲ ಹೇಳಿದ ಒಂದೇ ಪದ ಯಾವತ್ತೂ ಒಂದೇ ಥರ ಇರುವುದಿಲ್ಲ.

ಶ್ರುತಿಯನ್ನು ಕೈಯಾರೆ ಲೆಕ್ಕ ಹಾಕಬಹುದು. ‘ಆ’ ಭಾಗವನ್ನು ಹಿಗ್ಗಿಸಿ, ಪೂರ್ತಿ 10 ಅಲೆಗಳನ್ನು ಆರಿಸಿ. ಅವಕ್ಕೆ 0.08 ಸೆಕೆಂಡ್ ಹಿಡಿದಿದ್ದರೆ, 10ನ್ನು 0.08ರಿಂದ ಭಾಗಿಸಿ, 125 ಹರ್ಟ್ಸ್. ಅಂದರೆ ಗಂಟಲಿನ ಮಡಿಕೆಗಳು ಸೆಕೆಂಡಿಗೆ 125 ಸಲ ಕೂಡಿ ಬಿಟ್ಟಿವೆ. ಗಂಡಸರ ದನಿ ಸಾಮಾನ್ಯವಾಗಿ 100-120ರ ಆಸುಪಾಸು, ಹೆಂಗಸರದು 200ರ ಆಸುಪಾಸು, ಮಕ್ಕಳದು ಇನ್ನೂ ಮೇಲೆ. ಪ್ರಾಟ್ ಎಳೆಯುವ ನೀಲಿ ಗೆರೆಯೂ ಇದನ್ನೇ ಹೇಳುತ್ತದೆ, ಆದರೆ ಒಮ್ಮೆ ನೀವೇ ಎಣಿಸಿ. ಎಣಿಸಿದ ಮೇಲೆ ಆ ಗೆರೆ ಎಲ್ಲಿ ಸುಳ್ಳು ಹೇಳುತ್ತಿದೆ ಅನ್ನುವುದೂ ಗೊತ್ತಾಗುತ್ತದೆ.

ಕೆಂಪು ಚುಕ್ಕಿಗಳು ಫಾರ್ಮಂಟ್. ಗಂಡಸರ ದನಿಗೆ ಸೆಟ್ಟಿಂಗಿನಲ್ಲಿ ಗರಿಷ್ಠ ಮಿತಿ 5000, ಹೆಂಗಸರಿಗೆ 5500 ಇಡುವುದು ರೂಢಿ. ‘ಈ’ಗೆ ಮೊದಲನೆಯದು 300ರ ಹತ್ತಿರ, ಎರಡನೆಯದು 2000ದ ಮೇಲೆ. ‘ಆ’ಗೆ ಮೊದಲನೆಯದು 700ರ ಹತ್ತಿರಕ್ಕೆ ಏರಿ, ಎರಡನೆಯದು 1200ರ ಹತ್ತಿರಕ್ಕೆ ಇಳಿದಿರುತ್ತದೆ. ದವಡೆ ಇಳಿದಷ್ಟೂ ಮೊದಲನೆಯದು ಏರುತ್ತದೆ, ನಾಲಿಗೆ ಮುಂದೆ ಬಂದಷ್ಟೂ ಎರಡನೆಯದು. ನಿಮ್ಮ ಅಂಕಿ ಇದಕ್ಕಿಂತ ಸ್ವಲ್ಪ ಆಚೀಚೆ ಇದ್ದರೆ ಗಾಬರಿ ಬೇಡ, ಎಲ್ಲರ ಬಾಯಿಯ ಅಳತೆ ಒಂದೇ ಅಲ್ಲ.

ಬರೆದಿಡುವುದು

ಇಷ್ಟಾದ ಮೇಲೆ ಅಂತರರಾಷ್ಟ್ರೀಯ ಧ್ವನಿಲಿಪಿಯ ಚಾರ್ಟ್ ತೆರೆಯಿರಿ. 1886ರಲ್ಲಿ ಪ್ಯಾರಿಸ್‌ನಲ್ಲಿ ಪೌಲ್ ಪಾಸಿ ಮತ್ತು ಜೊತೆಗಿದ್ದ ಭಾಷಾ ಶಿಕ್ಷಕರು ಕಟ್ಟಿದ ಸಂಘ ಈಗಲೂ ಅದನ್ನು ನೋಡಿಕೊಳ್ಳುತ್ತಿದೆ. ಒಂದು ಸದ್ದಿಗೆ ಒಂದು ಗುರುತು ಅನ್ನುವುದು ಅದರ ನಿಯಮ. ಚಾರ್ಟಿನ ಮೇಲೆ ಎಡದಿಂದ ಬಲಕ್ಕೆ ತುಟಿಯಿಂದ ಗಂಟಲಿನ ತನಕ ಜಾಗಗಳು, ಅಂದರೆ ನಮ್ಮ ವರ್ಣಮಾಲೆಯ ಉಲ್ಟಾ ದಿಕ್ಕು. ಟ-ಡ-ಣ-ಳ ಗುರುತುಗಳಿಗೆಲ್ಲ ಕೆಳಗೆ ಬಲಕ್ಕೆ ತಿರುಗಿದ ಒಂದು ಕೊಕ್ಕೆ ಇರುತ್ತದೆ, ಅದೊಂದು ಗೊತ್ತಾದರೆ ಆ ಕಾಲಮ್ ಪೂರ್ತಿ ಸಲೀಸು. ಇಡೀ ಚಾರ್ಟ್ ಉರು ಹೊಡೆಯಲು ಹೋಗಬೇಡಿ. ಕನ್ನಡಕ್ಕೆ ಬೇಕಾದವನ್ನು ಮೊದಲು ಕಲಿಯಿರಿ, ಉಳಿದವು ಬೇಕಾದಾಗ ಬರುತ್ತವೆ.

ಆಮೇಲೆ ನಿಮ್ಮದೇ ಮಾತನ್ನು, ಓದಿದ್ದನ್ನಲ್ಲ, ಯಾರ ಜೊತೆಗೋ ಹರಟಿದ್ದನ್ನು, ಅವರ ಒಪ್ಪಿಗೆ ಕೇಳಿ ರೆಕಾರ್ಡ್ ಮಾಡಿ. ಅರ್ಧ ನಿಮಿಷ ಸಾಕು. ಒಂದೊಂದು ಸೆಕೆಂಡ್ ತುಂಡನ್ನೇ ಹತ್ತಾರು ಸಲ ಕೇಳಿ ಬರೆದುಕೊಳ್ಳಿ. ಶುರುವಿನಲ್ಲಿ ಆ ಅರ್ಧ ನಿಮಿಷಕ್ಕೆ ಒಂದು ಗಂಟೆ ಹೋದರೂ ಆಶ್ಚರ್ಯ ಇಲ್ಲ. ರೆಕಾರ್ಡಿನ ದನಿ ನಿಮ್ಮದಲ್ಲ ಅನ್ನಿಸಿ ಕಿರಿಕಿರಿ ಆಗುತ್ತದೆ, ಅದು ಎಲ್ಲರಿಗೂ ಆಗುವಂಥದ್ದೇ. ಮಾತಾಡುವಾಗ ನಿಮ್ಮ ದನಿ ನಿಮಗೆ ತಲೆಬುರುಡೆಯ ಮೂಳೆಯ ಮೂಲಕವೂ ಕೇಳಿಸುತ್ತದೆ, ಅದರಿಂದ ದನಿ ದಪ್ಪಗಿದೆ ಅನ್ನಿಸಿರುತ್ತದೆ. ರೆಕಾರ್ಡಿನಲ್ಲಿ ಆ ಭಾಗ ಇರುವುದಿಲ್ಲ.

ಬರೆಯುವಾಗ ಕೈ ತಾನಾಗಿಯೇ ‘ಮಾಡುತ್ತೇನೆ’ ಅಂತ ಬರೆಯಲು ಹೋಗುತ್ತದೆ. ತಡೆಯಿರಿ. ತುಂಡನ್ನು ಮತ್ತೆ ಕೇಳಿ. ನನ್ನ ರೆಕಾರ್ಡಿನಲ್ಲಿ ಇದ್ದದ್ದು ‘ಮಾಡ್ತೀನಿ’, ಅದೂ ಕೊನೆಯ ‘ಇ’ ಅರ್ಧ ಪಿಸುಗುಟ್ಟಿದ್ದು. ಅದೇ ಅರ್ಧ ನಿಮಿಷದಲ್ಲಿ ‘ಬೆರಳು’ ಅಂತ ಹೇಳಿದ್ದೆ ಅಂದುಕೊಂಡಿದ್ದೆ, ಎಂಟು ಸಲ ಕೇಳಿದ ಮೇಲೂ ಅಲ್ಲಿ ‘ರ’ ಸಿಗಲಿಲ್ಲ. ಇದ್ದದ್ದು ‘ಬೆಳ್ಳು’.